ಎಷ್ಟು ಪರ್ಸೆಂಟ್ ಬಂತು?

ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ವೈದ್ಯರ ಮುಂದೆ ಕಾಯಿಲೆಯ ಹೆಸರು ಹೇಳಿದರೆ ಸಾಲದು. ಆ ಕಾಯಿಲೆಯಿಂದ ಯಾವ ಕೀಲು ಎಷ್ಟು ಡಿಗ್ರಿ ಬಾಗುತ್ತಿಲ್ಲ, ಯಾವ ಕಣ್ಣಿಗೆ ಚಾರ್ಟಿನ ಎಷ್ಟನೇ ಸಾಲಿನವರೆಗೆ ಕಾಣುತ್ತದೆ, ಅಂಕ ಸಿಗುವುದು ಅದಕ್ಕೆ. ಒಂದೇ ಕಾಯಿಲೆ ಇರುವವರಿಗೂ ಇದು ಸುಲಭವಲ್ಲ. ನನ್ನ ಹಾಗೆ ಎರಡು ಮೂರು ದೀರ್ಘಕಾಲದ ಕಾಯಿಲೆಗಳನ್ನು ಒಟ್ಟಿಗೆ ಹೊತ್ತುಕೊಂಡವರಿಗೆ ಯಾವುದನ್ನು ಎಲ್ಲಿ ತೋರಿಸಬೇಕು, ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದೇ ಇಲ್ಲ ಎಂದು ಕೂರಿಸಿಕೊಂಡು ಹೇಳುವವರು ಸಿಗುವುದು ಅಪರೂಪ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನಗಿರುವ ಮುಖ್ಯ ಕಾಯಿಲೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಮೂಳೆಯಲ್ಲಿ, ಸೊಂಟದ ಕೀಲುಗಳಲ್ಲಿ ಉರಿಯೂತ ಹುಟ್ಟಿ, ವರ್ಷಗಳು ಉರುಳಿದಂತೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದಾದ ಕಾಯಿಲೆ ಅದು. ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಹೆಂಗಸರಲ್ಲಿ ಪತ್ತೆಯಾಗುವುದು ಇನ್ನೂ ತಡ. ಹೆಣ್ಣುಮಕ್ಕಳ ಬೆನ್ನುನೋವಿಗೆ ಹೇಳಲು ಎಲ್ಲರ ಬಳಿಯೂ ಬೇರೆ ಬೇರೆ ಕಾರಣಗಳು ಇರುತ್ತವಲ್ಲ. ನನಗೆ ಎಂಆರ್‌ಐ ಮಾಡಿಸುವ ಹೊತ್ತಿಗೆ ಎಡ ಸೊಂಟದ ಕೀಲು ಆಗಲೇ ಸವೆದಿತ್ತು. ಇದರ ಜೊತೆಗೇ ಬರುವುದು ಯುವಿಯೈಟಿಸ್, ಕಣ್ಣಿನೊಳಗಿನ ಉರಿಯೂತ. ಕಣ್ಣು ಕೆಂಡದಂತೆ ಕೆಂಪಾಗಿ ಬೆಳಕು ನೋಡಲಾಗುವುದಿಲ್ಲ. ಹನಿ ಹಾಕಿದರೆ ಇಳಿಯುತ್ತದೆ, ಮತ್ತೆ ಬರುತ್ತದೆ. ಪದೇ ಪದೇ ಬಂದು ನನ್ನ ಬಲಗಣ್ಣಿನ ದೃಷ್ಟಿಯ ಬಹುಪಾಲನ್ನು ತೆಗೆದುಕೊಂಡು ಹೋಗಿದೆ. ಮೂರನೆಯದು ಕ್ರೋನ್ಸ್, ಕರುಳಿನ ಉರಿಯೂತ. ಈ ಮೂರೂ ಬೇರೆ ಬೇರೆಯಾಗಿ ಬಂದ ನೆಂಟರಲ್ಲ, ಒಂದೇ ಬಳಗದವು. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆಗಳಲ್ಲಿ ಹೀಗೆ ಒಂದರ ಹಿಂದೆ ಒಂದು ಬರುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಆಸ್ಪತ್ರೆಯಲ್ಲಿ ಮಾತ್ರ ಬೆನ್ನಿಗೆ ಒಂದು ವಿಭಾಗ, ಕಣ್ಣಿಗೆ ಒಂದು, ಹೊಟ್ಟೆಗೆ ಇನ್ನೊಂದು.

ನಾನು ಒಂದು ಚಿಕ್ಕ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ನನ್ನ ಕಾಯಿಲೆಗೆ ಕೂರುವುದೇ ಶತ್ರು: ಅಲ್ಲಾಡದೆ ಇದ್ದಷ್ಟೂ ಬೆನ್ನು ಬಿಗಿಯುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಕ್ರೋನ್ಸ್ ಕೆರಳಿದ ದಿನಗಳಲ್ಲಿ ಕುರ್ಚಿಗಿಂತ ಶೌಚಾಲಯದಲ್ಲಿ ಕಳೆದ ಹೊತ್ತೇ ಹೆಚ್ಚು. ಕೆಲಸ ಹೋಯಿತು. ಉರಿಯೂತ ತಗ್ಗಿಸುವ ಬಯಾಲಜಿಕ್ ಇಂಜೆಕ್ಷನ್ ಚೆನ್ನಾಗಿ ಹಿಡಿದಿತ್ತು, ಸಂಬಳ ನಿಂತ ಮೇಲೆ ಅದೂ ನಿಂತಿತು.

ಅರ್ಜಿ ಹಾಕಿ ಎಂದು ಮೊದಲು ಹೇಳಿದ್ದು ನಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ವಿಆರ್‌ಡಬ್ಲ್ಯೂ ಎಂದರೆ ಎಲ್ಲರಿಗೂ ಗೊತ್ತು. ಪೋಲಿಯೋದಿಂದ ಒಂದು ಕಾಲು ಸೋತ ಹುಡುಗ, ನನಗಿಂತ ಚಿಕ್ಕವನು.

"ಅಕ್ಕಾ, ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿದ್ದೀರಾ?"

"ನನಗ್ಯಾಕಪ್ಪ? ಕೈಕಾಲೆಲ್ಲ ಇದೆಯಲ್ಲ."

"ಇದೆ ಅಕ್ಕಾ. ಆದ್ರೆ ಈ ನಾಲ್ಕು ಮೆಟ್ಟಿಲು ಹತ್ತೋಕೆ ನೀವು ಎಷ್ಟು ಹೊತ್ತು ತಗೊಂಡ್ರಿ ಅಂತ ನಾನು ನೋಡ್ತಾ ಇದ್ದೆ."

ಅವನು ಹಾಗೆ ಹೇಳಿದಾಗ ನನಗೆ ಗಂಟಲು ಕಟ್ಟಿತು. ಯಾರಿಗೂ ಗೊತ್ತಾಗಬಾರದೆಂದು ಗೋಡೆ ಹಿಡಿದು ಹತ್ತುವುದನ್ನು, ಬಗ್ಗುವ ಬದಲು ಕಾಲಿನಿಂದ ಚಪ್ಪಲಿ ಸರಿಪಡಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡು ಎಷ್ಟೋ ವರ್ಷವಾಗಿತ್ತು. ಒಬ್ಬರು ನೋಡಿದ್ದರು, ನೋಡಿ ಅರ್ಥ ಮಾಡಿಕೊಂಡಿದ್ದರು.

ಕಾನೂನಿನ ಪಟ್ಟಿಯಲ್ಲಿ ಏನಿದೆ ಎಂದು ಅವನೇ ಹೇಳಿದ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆಯ ಅಂಗವೈಕಲ್ಯ. 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದು, 2017ರ ಏಪ್ರಿಲ್ 19ರಿಂದ ಜಾರಿಯಾದ ಮೇಲೆ ಅದು 21 ಆಯಿತು. ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ತಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಹೆಸರು ಹಿಡಿದೇ ಪಟ್ಟಿಯಲ್ಲಿವೆ. ನನ್ನ ಮೂರರಲ್ಲಿ ಒಂದೂ ಇಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಇಲ್ಲ, ಲೂಪಸ್ ಇಲ್ಲ, ಕಿಡ್ನಿ ವೈಫಲ್ಯವೂ ಇಲ್ಲ. ಇದನ್ನು ನೋಡಿ ಎಷ್ಟು ಜನ ಅಲ್ಲಿಂದಲೇ ವಾಪಸಾಗುತ್ತಾರೋ. ಆದರೆ ಅದೇ ಪಟ್ಟಿಯಲ್ಲಿ ಚಲನಾಂಗ ವೈಕಲ್ಯ ಎಂದಿದೆ. ಮೂಳೆ, ಸ್ನಾಯು ಅಥವಾ ನರದ ತೊಂದರೆಯಿಂದ ತನ್ನನ್ನಾಗಲಿ ವಸ್ತುಗಳನ್ನಾಗಲಿ ಚಲಿಸಲು ಆಗದಿರುವುದು ಎಂದು ಅದರ ವ್ಯಾಖ್ಯೆ. ಯಾವ ಕಾಯಿಲೆಯಿಂದ ಎಂಬ ಷರತ್ತು ಅಲ್ಲಿಲ್ಲ. ನನ್ನ ಬೆನ್ನು, ಸೊಂಟ ಅಲ್ಲಿಗೆ ಸೇರುತ್ತವೆ. ದೃಷ್ಟಿಗೆ ಬೇರೆ ವಿಭಾಗ. ಒಂದಕ್ಕಿಂತ ಹೆಚ್ಚು ಇದ್ದವರಿಗೆ ಬಹುವಿಧ ಅಂಗವೈಕಲ್ಯ ಎಂಬ ಇನ್ನೊಂದು ವಿಭಾಗವೂ ಇದೆ. ಕರುಳಿಗೆ ಎಲ್ಲಿಯೂ ಜಾಗವಿಲ್ಲ.

ಅರ್ಜಿ ಹಾಕುವುದು ಈಗ ಆನ್‌ಲೈನಿನಲ್ಲೇ. 2021ರ ಜೂನ್ 1ರಿಂದ ಸರ್ಟಿಫಿಕೇಟ್ ಕೊಡುವುದೆಲ್ಲ ಸ್ವಾವಲಂಬನ್ ಎಂಬ ಯುಡಿಐಡಿ ಪೋರ್ಟಲ್ ಮೂಲಕ. ಆಧಾರ್, ಫೋಟೋ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಬೇಕು. ತುಂಬುವುದು ಕಷ್ಟವಲ್ಲ, ಎರಡು ಕಡೆ ಮಾತ್ರ ಯೋಚಿಸಿ ಒತ್ತಬೇಕು. ಒಂದು, ಅಂಗವೈಕಲ್ಯದ ಬಗೆ ಕೇಳುವ ಜಾಗ. ಸೈಬರ್ ಸೆಂಟರಿನವರು ಅಭ್ಯಾಸಬಲದಿಂದ ಒಂದನ್ನೇ ಆರಿಸಿ ಮುಂದೆ ಹೋಗಿಬಿಡುತ್ತಾರೆ. ಇರುವುದನ್ನೆಲ್ಲ ಹಾಕಿಸಿ. ಇನ್ನೊಂದು, ಆಸ್ಪತ್ರೆ ಆರಿಸುವ ಜಾಗ. ನಿಮ್ಮ ವಿಳಾಸವಿರುವ ಜಿಲ್ಲೆಯಲ್ಲೇ ಹೋಗಬೇಕೆಂದಿಲ್ಲ. ಆ ತೊಂದರೆಗೆ ನೀವು ಚಿಕಿತ್ಸೆ ಪಡೆಯುತ್ತಿರುವ ಅಥವಾ ಹಿಂದೆ ಪಡೆದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗೂ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶವಿದೆ. ನನಗೆ ಇದರಿಂದ ಬಹಳ ಉಪಕಾರವಾಯಿತು. ನನ್ನ ಕಡತ ಇದ್ದದ್ದು ಪಕ್ಕದ ಜಿಲ್ಲೆಯ ಆಸ್ಪತ್ರೆಯಲ್ಲಿ.

ನಿಜವಾದ ಕೆಲಸ ಇದ್ದದ್ದು ಕಾಗದ ಹೊಂದಿಸುವುದರಲ್ಲಿ. ನನ್ನ ಬಳಿ ವರದಿಗಳಿಗೆ ಬರವಿರಲಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ, ಎಂಆರ್‌ಐ, ಕೊಲೊನೋಸ್ಕೋಪಿ, ಡಿಸ್ಚಾರ್ಜ್ ಸಮ್ಮರಿ ಎಲ್ಲ ಒಂದು ದಪ್ಪ ಕವರಿನಲ್ಲಿ ತುಂಬಿತ್ತು. ಅಷ್ಟೂ ಕಾಗದದಲ್ಲಿ ಎಲ್ಲಿಯೂ ನಾನು ಏನು ಮಾಡಲಾರೆ ಎಂದು ಬರೆದಿರಲಿಲ್ಲ. "ರೋಗಿ ಸ್ಥಿರವಾಗಿದ್ದಾರೆ, ಇದೇ ಔಷಧ ಮುಂದುವರಿಸಿ" ಎಂದಿರುತ್ತಿತ್ತು. ವೈದ್ಯರ ಭಾಷೆಯಲ್ಲಿ ಸ್ಥಿರ ಎಂದರೆ ಹೊಸದಾಗಿ ಏನೂ ಕೆಟ್ಟಿಲ್ಲ ಎಂದರ್ಥ. ಕಾಗದ ಓದುವ ಗುಮಾಸ್ತರಿಗೆ ಅದು ಚೆನ್ನಾಗಿದ್ದಾರೆ ಎಂದು ಕಾಣುತ್ತದೆ.

ನನ್ನ ಕೀಲುರೋಗದ ತಜ್ಞರು, ಅಂದರೆ ರುಮಟಾಲಜಿಸ್ಟ್ ಬಳಿ ಹೋಗಿ, "ಸರ್, ಕಾಯಿಲೆಯ ಬಗ್ಗೆ ಬೇಡ, ನನ್ನ ಓಡಾಟದ ಬಗ್ಗೆ ಒಂದು ಪತ್ರ ಬರೆದುಕೊಡಿ" ಎಂದು ಕೇಳಿದೆ. ಏನೇನು ಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಬೆಳಗ್ಗೆ ಎದ್ದ ಮೇಲೆ ಬಿಗಿತ ಎಷ್ಟು ಹೊತ್ತು ಇರುತ್ತದೆ, ಕುಕ್ಕರುಗಾಲಲ್ಲಿ ಕೂರಲು ಆಗುತ್ತದೋ ಇಲ್ಲವೋ, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಏಳಲು ಏನು ಬೇಕು, ಎಷ್ಟು ದೂರ ನಡೆದರೆ ನಿಲ್ಲಬೇಕು, ವರ್ಷದಲ್ಲಿ ಎಷ್ಟು ಸಲ ಕೆರಳುತ್ತದೆ, ಕೆರಳಿದರೆ ಎಷ್ಟು ದಿನ. ಅವರು ಚೀಟಿ ನೋಡಿ, "ಇದನ್ನೆಲ್ಲ ಯಾರೂ ಕೇಳಿಯೇ ಇರಲಿಲ್ಲ ನೋಡಿ" ಎಂದು ಒಂದೊಂದನ್ನೂ ಕೇಳಿ, ಪರೀಕ್ಷಿಸಿ ಬರೆದರು. ಅರ್ಧ ಪುಟದ ಆ ಪತ್ರ ಉಳಿದ ಕಂತೆಗಿಂತ ಹೆಚ್ಚು ಕೆಲಸ ಮಾಡಿತು.

ಮನೆಯಲ್ಲಿ ನನ್ನ ತಂಗಿ ಒಂದು ನೋಟ್‌ಬುಕ್ ಇಟ್ಟಳು. ನಾನೇ ಬರೆದರೆ ಕಡಿಮೆ ಮಾಡಿ ಬರೆಯುತ್ತೇನೆ ಎಂದು ಅವಳ ವಾದ. ಅದು ನಿಜ. ನೋವಿನ ಜೊತೆ ಬಹಳ ಕಾಲ ಇದ್ದವರಿಗೆ ತಮ್ಮ ಕಷ್ಟದ ಅಳತೆ ತಪ್ಪಿಹೋಗಿರುತ್ತದೆ. ಸಾಕ್ಸ್ ಹಾಕಿಕೊಳ್ಳಲು ಅಮ್ಮ ಬೇಕಾದದ್ದು ನನಗೆ ಬರೆಯುವಂಥ ಸಂಗತಿ ಎಂದೇ ಅನಿಸಿರಲಿಲ್ಲ. ತಂಗಿ ಬರೆದಳು. ಬೆಳಗ್ಗೆ ಹಾಸಿಗೆಯಿಂದ ಏಳಲು ಮೊದಲು ಮಗ್ಗುಲಾಗಿ, ಮೊಣಕೈ ಊರಿ, ಕಾಲು ಕೆಳಗಿಳಿಸಿ, ಮಂಚದ ಅಂಚು ಹಿಡಿದು ಕೂತಿದ್ದು, ಅಲ್ಲಿಂದ ನಿಲ್ಲುವವರೆಗೆ ಹಿಡಿದ ಸಮಯ. ಬಲಗಡೆಯಿಂದ ಬಂದ ಬೈಕು ಕಾಣದೆ ರಸ್ತೆ ದಾಟಲು ಹೋಗಿದ್ದು. ಹೊಟ್ಟೆ ಕೆಟ್ಟ ರಾತ್ರಿ ಎಷ್ಟು ಸಲ ಎದ್ದೆ, ಆ ಬಿಗಿದ ಬೆನ್ನಿನಲ್ಲಿ ಪ್ರತಿಸಲ ಏಳಲು ಏನಾಯಿತು. ಈ ಕೊನೆಯದನ್ನು ಓದಿದಾಗ ನನಗೇ ಹೊಳೆಯಿತು: ನನ್ನನ್ನು ಕುಗ್ಗಿಸಿದ್ದು ಯಾವ ಒಂದು ಕಾಯಿಲೆಯೂ ಅಲ್ಲ. ಕರುಳು ಅವಸರ ಮಾಡುತ್ತದೆ, ಬೆನ್ನು ಏಳಲು ಬಿಡುವುದಿಲ್ಲ, ಕತ್ತಲಲ್ಲಿ ಒಂದು ಕಣ್ಣು ದಾರಿ ತೋರಿಸುವುದಿಲ್ಲ. ಮೂರೂ ಒಂದೇ ಕ್ಷಣದಲ್ಲಿ ಕೂಡುತ್ತವೆ.

ಪರೀಕ್ಷೆ ಮಾಡಿ ಪರ್ಸೆಂಟ್ ಬರೆಯುವ ವೈದ್ಯಕೀಯ ಬೋರ್ಡಿನ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗವಿಕಲರನ್ನೇ ಕರೆಸುವ ಕಡೆ ಬೆಂಚು ಎರಡೇ ಇದ್ದವು. ತಾಯಂದಿರು ದೊಡ್ಡ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದರು. ಇದು ನಮ್ಮ ವ್ಯವಸ್ಥೆಯ ಬಗ್ಗೆ ನನಗಿರುವ ದೊಡ್ಡ ಸಿಟ್ಟು: ಟೋಕನ್ ಕೊಟ್ಟು ಇಂಥ ಹೊತ್ತಿಗೆ ಬನ್ನಿ ಎಂದರೆ ಯಾರಿಗೂ ನಷ್ಟವಿರಲಿಲ್ಲ.

ನನ್ನ ಸರದಿ ಬಂದದ್ದು ಮಧ್ಯಾಹ್ನದ ಹೊತ್ತಿಗೆ. ನನ್ನ ಕಾಯಿಲೆಯ ಗುಣವೇ ಇಲ್ಲಿ ನನಗೆ ಎದುರಾಗಿ ನಿಲ್ಲುತ್ತದೆ. ಬೆಳಗಿನ ಆರಕ್ಕೆ ನೋಡಿದವರಿಗೆ ನಾನು ಒಬ್ಬಳಾದರೆ, ಬಸ್ಸು ಹತ್ತಿ ಇಳಿದು, ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದು, ನೋವಿನ ಮಾತ್ರೆ ನುಂಗಿ ಬಂದವಳು ಇನ್ನೊಬ್ಬಳು. ಸಂಧಿವಾತದವರಿಗೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ, ಏರಿಳಿತವಿರುವ ಯಾವ ಕಾಯಿಲೆಯವರಿಗಾದರೂ ಇದೇ ಪಾಡು. ಅಳೆಯುವುದು ಒಂದು ದಿನದ ಒಂದು ಗಳಿಗೆಯನ್ನು. ಅದಕ್ಕೇ ಆ ಪತ್ರ ಬೇಕಾಗಿದ್ದು, ನೋಟ್‌ಬುಕ್ ಬೇಕಾಗಿದ್ದು.

ಮೂಳೆ ವೈದ್ಯರು ಮಧ್ಯವಯಸ್ಸಿನವರು, ಮಾತು ಕಡಿಮೆ. ಮೊದಲು ನನ್ನನ್ನು ಮಲಗಿಸಿ ಗೋನಿಯೋಮೀಟರ್ ಹಿಡಿದರು. ಎರಡು ಪಟ್ಟಿಗಳನ್ನು ಒಂದು ಚಕ್ರಕ್ಕೆ ಜೋಡಿಸಿದ ಕೋನಮಾಪಕ ಅದು. ಒಂದು ಪಟ್ಟಿ ಮೈಗೆ, ಇನ್ನೊಂದು ತೊಡೆಗೆ ತಾಗಿಸಿ ಕಾಲು ಮಡಚಿಸುತ್ತಾ ಹೋಗುತ್ತಾರೆ, ನಿಂತ ಕಡೆ ಡಿಗ್ರಿ ಓದುತ್ತಾರೆ. ಮಡಚುವುದು, ಹೊರಕ್ಕೆ ತೆರೆಯುವುದು, ಒಳಕ್ಕೆ ಹೊರಕ್ಕೆ ತಿರುಗಿಸುವುದು, ಒಂದೊಂದಕ್ಕೂ ಒಂದೊಂದು ಸಂಖ್ಯೆ. ಆಮೇಲೆ ನಿಲ್ಲಿಸಿ, ಬೆನ್ನಿನ ಕೆಳಭಾಗದಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆದರು, ನಡುವೆ ಹತ್ತು ಸೆಂಟಿಮೀಟರ್. "ಮಂಡಿ ಮಡಚದೆ ಬಗ್ಗಿ ಅಮ್ಮ." ಚೆನ್ನಾಗಿರುವ ಬೆನ್ನು ಬಗ್ಗಿದಾಗ ಚರ್ಮ ಹಿಗ್ಗಿ ಆ ಅಂತರ ಹದಿನೈದರ ಹತ್ತಿರ ಹೋಗಬೇಕು. ಟೇಪು ಹಿಡಿದ ಅವರ ಕೈ ನನ್ನ ಬೆನ್ನ ಮೇಲೆ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. "ಹ್ಞೂಂ, ಸಾಕು" ಎಂದರು. ನನಗೆ ಆ ಎರಡು ಗೆರೆಗಳ ಬಗ್ಗೆ ಒಂದು ರೀತಿಯ ಸಮಾಧಾನ ಹುಟ್ಟಿತು. ನೋವನ್ನು ಯಾರೂ ನೋಡಲಾರರು. ಹಿಗ್ಗದ ಬೆನ್ನನ್ನು ಟೇಪು ನೋಡುತ್ತದೆ.

ಆಮೇಲೆ ಶುರುವಾದದ್ದು ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಕಾಲಿನ ಸ್ಥಿರತೆಗೆ ಇರುವ ಪರೀಕ್ಷೆ. ಸಮತಟ್ಟಿನಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡು ಕಾಲ ಮೇಲೆ ನಿಲ್ಲುವುದು, ತೊಂದರೆಯಿರುವ ಕಾಲೊಂದರ ಮೇಲೆಯೇ ನಿಲ್ಲುವುದು, ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಒಂದೊಂದಕ್ಕೆ ಹತ್ತು ಅಂಕ, ಒಟ್ಟು 90. ಕೈಗೆ ತೊಂದರೆ ಇರುವವರಿಗೂ ಇಂಥದೇ ಪಟ್ಟಿಯಿದೆ: ತಲೆ ಬಾಚುವುದು, ಗುಂಡಿ ಹಾಕುವುದು, ಕೈಯಿಂದ ಊಟ ಮಾಡುವುದು, ಲೋಟ ಎತ್ತಿ ನೀರು ಕುಡಿಯುವುದು, ಬರೆಯುವುದು, ಹೀಗೆ ಹತ್ತು ಕೆಲಸಗಳು, ತಲಾ 9. ಪಟ್ಟಿ ಮಾಡಿದವರು ನಮ್ಮ ಮನೆಗಳಲ್ಲಿ ಜನ ಹೇಗೆ ಬದುಕುತ್ತಾರೆಂದು ನೋಡಿ ಮಾಡಿದ್ದಾರೆ, ಅದನ್ನು ಮೆಚ್ಚಲೇಬೇಕು.

"ಕುಕ್ಕರುಗಾಲಲ್ಲಿ ಕೂತ್ಕೊಳಿ" ಎಂದಾಗ ಅರ್ಧಕ್ಕೇ ನಿಂತೆ. ಮೇಜು ಹಿಡಿದು ಇನ್ನಷ್ಟು ಇಳಿಯಲು ನೋಡಿದೆ. ಹಲ್ಲು ಕಚ್ಚಿ ಮಾಡಿಬಿಡುವುದು ನನ್ನ ಅಭ್ಯಾಸ. ಇಪ್ಪತ್ತು ವರ್ಷ ನೌಕರಿ ಉಳಿಸಿಕೊಂಡದ್ದೇ ಹಾಗೆ. ಹಿಂದೆ ನಿಂತಿದ್ದ ತಂಗಿ, "ಅಕ್ಕಾ, ಮನೇಲಿ ಹೇಗೆ ಮಾಡ್ತೀಯೋ ಹಾಗೇ ಮಾಡು" ಎಂದಳು. ಮನೆಯಲ್ಲಿ ನಾನು ಅದನ್ನು ಮಾಡುವುದೇ ಇಲ್ಲ. ಎದ್ದು ನಿಂತು, "ಆಗಲ್ಲ ಸರ್" ಎಂದೆ. ಆ ಎರಡು ಪದ ಹೇಳಲು ಮೆಟ್ಟಿಲು ಹತ್ತುವುದಕ್ಕಿಂತ ಹೆಚ್ಚು ಶ್ರಮವಾಯಿತು. ಇದನ್ನು ಓದುವವರಿಗೆ ಕೈಮುಗಿದು ಕೇಳಿಕೊಳ್ಳುತ್ತೇನೆ: ಅಲ್ಲಿ ನಟಿಸಬೇಡಿ, ಇಲ್ಲದ್ದನ್ನು ತೋರಿಸಬೇಡಿ. ಹಾಗೆಯೇ ಇರುವುದನ್ನು ಮುಚ್ಚಲೂ ಬೇಡಿ. ಮರ್ಯಾದೆಗೆ ಅಂಜಿ ಒಮ್ಮೆ ಹೇಗೋ ಮಾಡಿ ತೋರಿಸಿದ್ದನ್ನು ಅವರು ದಿನಾ ಮಾಡುತ್ತೀರಿ ಎಂದೇ ಬರೆದುಕೊಳ್ಳಬೇಕಾಗುತ್ತದೆ. ಕೋಲು ಹಿಡಿಯುವವರು ಕೋಲು ಹಿಡಿದೇ ಹೋಗಿ.

ರುಮಟಾಲಜಿಸ್ಟರ ಪತ್ರವನ್ನು ಅವರು ಪೂರ್ತಿ ಓದಿದರು. "ಬೆಳಗ್ಗೆ ಹೆಚ್ಚಾ?" ಎಂದು ಕೇಳಿ, ತಂಗಿಯ ನೋಟ್‌ಬುಕ್ ಎರಡು ಪುಟ ತಿರುವಿದರು. ಬರೆದದ್ದು 35 ಪರ್ಸೆಂಟ್.

ಕಣ್ಣಿನ ವಿಭಾಗಕ್ಕೆ ಇನ್ನೊಂದು ದಿನ ಬರಹೇಳಿದರು. ದೃಷ್ಟಿಯ ನಿಯಮ ಒಂದು ಕಣ್ಣು ಕಳೆದುಕೊಂಡವರ ವಿಷಯದಲ್ಲಿ ಕಠಿಣ. ಕಾನೂನು ಕೇಳುವುದು ಚೆನ್ನಾಗಿರುವ ಕಣ್ಣಿಗೆ, ಕನ್ನಡಕ ಹಾಕಿದ ಮೇಲೆ, ಎಷ್ಟು ಕಾಣುತ್ತದೆ ಎಂದು. 6/18 ಎಂದರೆ ಒಳ್ಳೆಯ ಕಣ್ಣಿಗೆ 18 ಮೀಟರಿನಿಂದ ಕಾಣುವ ಅಕ್ಷರ 6 ಮೀಟರಿನಿಂದ ಮಾತ್ರ ಕಾಣುವುದು. ಒಂದು ಕಣ್ಣು 6/18 ಅಥವಾ ಅದಕ್ಕಿಂತ ಚೆನ್ನಾಗಿದ್ದರೆ, ಇನ್ನೊಂದು ಪೂರ್ತಿ ಹೋಗಿದ್ದರೂ ಸಿಗುವುದು 30 ಪರ್ಸೆಂಟ್. ನನ್ನ ಬಲಗಣ್ಣು 6/60ಕ್ಕಿಂತ ಕೆಳಗಿತ್ತು, 3/60ಕ್ಕೆ ಇಳಿದಿರಲಿಲ್ಲ. ಅದಕ್ಕೆ 20. ಯುವಿಯೈಟಿಸ್ ಬಂದಾಗ ಆ ಕಣ್ಣು ಹತ್ತು ಹದಿನೈದು ದಿನ ಬೆಳಕು ಸಹಿಸುವುದಿಲ್ಲ ಎಂಬುದು ಆ ಕೋಷ್ಟಕದಲ್ಲಿ ಎಲ್ಲೂ ಬರುವುದಿಲ್ಲ.

ಕೌಂಟರಿನಲ್ಲಿದ್ದವರು ಎರಡೂ ಚೀಟಿ ನೋಡಿ ಹೇಳಿದರು, "ಎರಡೂ ನಲವತ್ತರ ಕೆಳಗಿದೆ ಅಮ್ಮ. ಏನೂ ಸಿಗಲ್ಲ."

ಈ ನಲವತ್ತು ಎಂಬುದೇ ಎಲ್ಲರೂ ತವಕಿಸುವ ಗೆರೆ. 40 ಮುಟ್ಟಿದರೆ ಕಾನೂನಿನ ಪ್ರಕಾರ ಬೆಂಚ್‌ಮಾರ್ಕ್ ಅಂಗವೈಕಲ್ಯ. ಸರ್ಕಾರಿ ನೌಕರಿಯ 4 ಪರ್ಸೆಂಟ್ ಮೀಸಲಾತಿ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5 ಪರ್ಸೆಂಟ್ ಸೀಟು, ಪಿಂಚಣಿ ಎಲ್ಲ ಅಲ್ಲಿಂದ ಮೇಲೆ. ಕೆಳಗಿದ್ದವರಿಗೂ ಕಾರ್ಡು ಬರುತ್ತದೆ, ಬಿಳಿಯದು. 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಊರಿನಲ್ಲಿ ಯಾರಾದರೂ ಬೋರ್ಡಿಗೆ ಹೋಗಿಬಂದರೆ ಕೇಳುವ ಮೊದಲ ಪ್ರಶ್ನೆಯೇ ಎಷ್ಟು ಪರ್ಸೆಂಟ್ ಬಂತು ಎಂದು.

"ಎರಡನ್ನೂ ಸೇರಿಸಿ ನೋಡಬೇಕಲ್ವಾ ಸರ್?" ಎಂದು ಕೇಳಿದೆ.

"ಹಂಗೆಲ್ಲ ಕೂಡಿಸೋಕೆ ಬರಲ್ಲ."

ಅವರು ಹೇಳಿದ್ದರಲ್ಲಿ ಅರ್ಧ ಸರಿ. 35 ಮತ್ತು 20 ಸೇರಿ 55 ಆಗುವುದಿಲ್ಲ. ಆದರೆ ಸೇರಿಸುವ ಕ್ರಮವೊಂದು ಇದೆ, ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಅಚ್ಚಾಗಿಯೇ ಇದೆ. ದೊಡ್ಡ ಸಂಖ್ಯೆಯನ್ನು ಹಾಗೇ ಇಟ್ಟುಕೊಳ್ಳಬೇಕು. 90ರಿಂದ ಅದನ್ನು ಕಳೆಯಬೇಕು. ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಕೂಡಿಸಬೇಕು. ನನ್ನದರಲ್ಲಿ 90ರಲ್ಲಿ 35 ಹೋದರೆ 55. ಅದನ್ನು 20ರಿಂದ ಗುಣಿಸಿದರೆ 1,100. 90ರಿಂದ ಭಾಗಿಸಿದರೆ ಹನ್ನೆರಡು ಚಿಲ್ಲರೆ. 35ಕ್ಕೆ ಕೂಡಿಸಿದರೆ 47. ಬೇರೆ ಬೇರೆಯಾಗಿ ಎರಡೂ ಗೆರೆಯ ಕೆಳಗೆ, ಒಟ್ಟಿಗೆ ಗೆರೆಯ ಮೇಲೆ. ಹಲವು ಕಾಯಿಲೆ ಇರುವವರಿಗೆ ಈ ಪ್ರಕ್ರಿಯೆಯಲ್ಲಿ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿಲ್ಲ.

ಲೆಕ್ಕ ಬರೆದು ಬದುಕಿದವಳು ನಾನು, ಆ ಪುಟವನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೆ. ಕೌಂಟರಿನಲ್ಲಿ ಅದನ್ನು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರಿಗೆ ಶ್ರವಣದ್ದೂ ಕಾಲಿನದ್ದೂ ಎರಡು ಚೀಟಿ ಕೈಯಲ್ಲಿತ್ತು, ಅವರನ್ನೂ ಹಾಗೇ ಕಳಿಸಿದರು. ಅವರು ಹೋಗಿಯೇಬಿಟ್ಟರು. ನಾನು ಕೂಗಿ ಕರೆಯುವ ಹೊತ್ತಿಗೆ ಮೆಟ್ಟಿಲು ಇಳಿದಾಗಿತ್ತು. ಅವರ ಮುಖ ಇವತ್ತಿಗೂ ಕಾಡುತ್ತದೆ.

ನಾನು ಮತ್ತೆ ಕಣ್ಣಿನ ವಿಭಾಗಕ್ಕೇ ಹೋಗಿ, ಪರೀಕ್ಷೆ ಮಾಡಿದ್ದ ಡಾಕ್ಟರಮ್ಮನ ಕೊಠಡಿ ಖಾಲಿಯಾಗುವವರೆಗೆ ಕಾದು, ಪುಟವನ್ನು ಅವರ ಮುಂದಿಟ್ಟೆ. ಅವರು ಮೊಬೈಲಿನಲ್ಲೇ ಲೆಕ್ಕ ಹಾಕಿದರು. "ಹೌದಲ್ಲಾ, ಇದು ಮಲ್ಟಿಪಲ್ ಡಿಸಬಿಲಿಟಿ ಫಾರ್ಮಿನಲ್ಲಿ ಹೋಗಬೇಕು" ಎಂದು ಎದ್ದು, ನನ್ನ ಜೊತೆಗೇ ನಡೆದು ಬಂದು ಹೇಳಿದರು. ನಿಯಮದಲ್ಲಿ ಬಹುವಿಧ ಅಂಗವೈಕಲ್ಯಕ್ಕೆ ಫಾರ್ಮ್ 6 ಎಂದು ಪ್ರತ್ಯೇಕ ನಮೂನೆಯಿದೆ. ಒಂದೇ ಬಗೆಯದಕ್ಕೆ ಬೇರೆಯದು. ನನ್ನ ಕಡತ ಫಾರ್ಮ್ 6ಕ್ಕೆ ಬದಲಾಯಿತು. ಅವರು ಅಷ್ಟು ಮಾಡದಿದ್ದರೂ ದಾರಿ ಮುಚ್ಚುತ್ತಿರಲಿಲ್ಲ. ಪ್ರಮಾಣಪತ್ರ ಕೊಡುವುದಿಲ್ಲ ಎನ್ನುವುದಾದರೆ ಬಾಯಲ್ಲಿ ಹೇಳಿ ಕಳಿಸುವಂತಿಲ್ಲ, ಕಾರಣವನ್ನು ಫಾರ್ಮ್ 8ರಲ್ಲಿ ಬರೆದು ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ರಾಜ್ಯದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಕಾಯ್ದೆಯ 59ನೇ ಕಲಮಿನಲ್ಲಿ ಆ ಹಕ್ಕಿದೆ. ಏನೇ ಆದರೂ ಬರಹದಲ್ಲಿ ಕೇಳಿ.

ಹೊಟ್ಟೆಯ ವಿಷಯ ಅಲ್ಲಿ ಯಾರೂ ಕೇಳಲಿಲ್ಲ. ಕೊಲೊನೋಸ್ಕೋಪಿ ವರದಿ ಕವರಿನಿಂದ ಹೊರಗೇ ಬರಲಿಲ್ಲ.

ಕಾರ್ಡು ಬರಲು ಕಾದದ್ದು ಸಾಕಷ್ಟೇ ಆಯಿತು. ಅರ್ಜಿ ಹಾಕಿದ ಒಂದು ತಿಂಗಳೊಳಗೆ ಕೊಡಬೇಕೆಂದು 2017ರ ನಿಯಮಗಳಲ್ಲಿತ್ತು, 2024ರ ಅಕ್ಟೋಬರಿನ ತಿದ್ದುಪಡಿಯಲ್ಲಿ ಅದನ್ನು ಮೂರು ತಿಂಗಳು ಮಾಡಿದ್ದಾರೆ. ಬಂದದ್ದು ಹಳದಿ ಕಾರ್ಡು, ಅಕ್ಷರ, ಅಂಕಿ ಸೇರಿ ಹದಿನೆಂಟು ಸ್ಥಾನಗಳ ನಂಬರು, ಐದು ವರ್ಷದ ಅವಧಿ. ಕಾಲಕ್ರಮದಲ್ಲಿ ಹೆಚ್ಚುಕಡಿಮೆ ಆಗಬಹುದಾದ ಸ್ಥಿತಿಗೆ ಹೀಗೆ ಅವಧಿ ಹಾಕಿ ಕೊಡುತ್ತಾರೆ. ಬೆಸೆದ ಮೂಳೆ ಮತ್ತೆ ಬಿಡಿಸಿಕೊಳ್ಳುವುದಿಲ್ಲ, ಆದರೂ ಮತ್ತೆ ಹೋಗಿ ಬಗ್ಗಬೇಕು.

ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆ. ಯುಡಿಐಡಿ ಕಾರ್ಡು, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಬೇಕಾಯಿತು. ಗ್ರಾಮಲೆಕ್ಕಿಗರು ಮನೆಗೆ ಬಂದು ವಿಚಾರಿಸಿದರು. ನಾನು ಅರ್ಜಿ ಹಾಕಿದಾಗ ಕರ್ನಾಟಕದಲ್ಲಿ 40ರಿಂದ 75ರೊಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಮೇಲಿನವರಿಗೆ 1,400. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಯಲ್ಲಿ 300 ರೂಪಾಯಿ ಇದೆ, ಅದು 80 ಪರ್ಸೆಂಟ್ ಮತ್ತು ಮೇಲಿನ ಬಡತನ ರೇಖೆಯ ಕೆಳಗಿನವರಿಗೆ. 800 ರೂಪಾಯಿ ನನ್ನ ಒಂದು ತಿಂಗಳ ಮಾತ್ರೆಗೂ ಪೂರ್ತಿ ಆಗುವುದಿಲ್ಲ. ಆದರೂ ಮೊದಲ ಸಲ ಖಾತೆಗೆ ಬಂದ ದಿನ ಅಮ್ಮನ ಮುಂದೆ ಹೋಗಿ ತೋರಿಸಿದೆ. ಕೆಲಸ ಬಿಟ್ಟ ಮೇಲೆ ಕಣ್ಣಿನ ಹನಿಗೂ ಮಾತ್ರೆಗೂ ಅವಳ ಕೈ ನೋಡಬೇಕಾಗಿತ್ತು.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಸಾರಿಗೆ ಬಸ್ಸಿನ ರಿಯಾಯಿತಿ ಪಾಸಿಗೆ ಬೇರೆ ಅರ್ಜಿ ಹಾಕಬೇಕು, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ನಡೆಯುತ್ತದೆ. ನನಗೆ ಆಸ್ಪತ್ರೆಗೆ ಹೋಗಿಬರಲು ಅದೇ ಹೆಚ್ಚು ನೆರವಾಗಿರುವುದು. ರೈಲಿನ ರಿಯಾಯಿತಿ ಈ ಕಾರ್ಡು ಇದ್ದಮಾತ್ರಕ್ಕೆ ಎಲ್ಲರಿಗೂ ಸಿಗುವುದಿಲ್ಲ. ಚಲನಾಂಗದ ತೊಂದರೆಯವರಾದರೆ ಜೊತೆಗಾರರಿಲ್ಲದೆ ಪ್ರಯಾಣಿಸಲಾರರು ಎಂದು ವೈದ್ಯರು ರೈಲ್ವೆಯ ನಮೂನೆಯಲ್ಲೇ ಬರೆದುಕೊಡಬೇಕು. ನನಗೆ ಅದು ಸಿಗಲಿಲ್ಲ. ತೆರಿಗೆ ಕಟ್ಟುವಷ್ಟು ಆದಾಯವಿರುವವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಆದಾಯದಿಂದ 75,000 ರೂಪಾಯಿ, 80 ಪರ್ಸೆಂಟ್ ಮತ್ತು ಮೇಲಿದ್ದರೆ 1,25,000 ರೂಪಾಯಿ ಕಳೆಯಬಹುದು. ಅಂಗವಿಕಲ ಅವಲಂಬಿತರನ್ನು ನೋಡಿಕೊಳ್ಳುವವರಿಗೂ ಇಂಥದೇ ವಿನಾಯಿತಿ ಇದೆ.

ಈಗ ಪಂಚಾಯಿತಿಯ ಆ ಹುಡುಗ ಯಾರನ್ನಾದರೂ ಬೋರ್ಡಿಗೆ ಕಳಿಸುವ ಮೊದಲು ನನ್ನ ಹತ್ತಿರ ಕಳಿಸುತ್ತಾನೆ. ನಾನು ಕವರ್ ಬಿಚ್ಚಿಸಿ, ಯಾವ ಕಾಗದ ಯಾವ ವಿಭಾಗಕ್ಕೆ ಎಂದು ಬೇರೆ ಮಾಡಿಸುತ್ತೇನೆ. ಲೆಕ್ಕದ ಪುಟದ ಒಂದು ಜೆರಾಕ್ಸ್ ಕೈಗೆ ಕೊಡುತ್ತೇನೆ. ಕಿಡ್ನಿ ಹೋದವರು ಬರುತ್ತಾರೆ, ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಂಡು ಗೋಡೆ ಹಿಡಿದು ನಡೆಯುವವರು. ಅವರಿಗೆ ಯಾವ ಅಂಕಣ ತೋರಿಸಲಿ? ಲೂಪಸ್ ಇರುವ ಹುಡುಗಿಗೆ ಬಿಸಿಲಿಗೆ ಹೋದರೆ ಜ್ವರ ಬರುತ್ತದೆ, ಕೀಲು ಮಾತ್ರ ಚೆನ್ನಾಗಿ ಬಾಗುತ್ತದೆ, ಅವಳಿಗೆ ಬಂದದ್ದು ಸೊನ್ನೆ. ಏಳರಿಂದ 21ಕ್ಕೆ ಹಿಗ್ಗಿದ ಪಟ್ಟಿ ಇನ್ನೂ ಹಿಗ್ಗಲು ಕಾನೂನೇ ಬಿಟ್ಟಿದೆ. ಹೊಸ ಬಗೆಗಳನ್ನು ಸೇರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ. ಕರುಳು, ಕಿಡ್ನಿ, ಲೂಪಸ್ ಮೂವರದ್ದೂ ಸೇರಿಸಿ ಒಂದು ಮನವಿ ಬರೆದಿದ್ದೇವೆ. ತಂಗಿಯ ನೋಟ್‌ಬುಕ್ಕಿನ ರಾತ್ರಿಯ ಪುಟಗಳನ್ನು ಅದಕ್ಕೆ ಲಗತ್ತಿಸಿ ವಿಕಲಚೇತನರ ರಾಜ್ಯ ಆಯುಕ್ತರಿಗೂ ದೆಹಲಿಗೂ ಒಂದೊಂದು ಪ್ರತಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇವೆ. ಇಂಥದೇ ಕಾಯಿಲೆಯವರು ನಿಮ್ಮ ಹೆಸರಿನಲ್ಲೂ ಒಂದು ಬರೆದು ಕಳಿಸಿ.